ಅಮ್ಮನ ಟಾರ್ಚು

ಅಕ್ಕ ಸ್ನಾನ ಮುಗಿಸಿ ಮುಂದಿನ ಕೋಣೆಗೆ ಬಂದಾಗ ಅವಳ ಹೊಲಿಗೆ ಯಂತ್ರ ಅಲ್ಲಿರಲಿಲ್ಲ. ಕಿಟಕಿಯ ಕೆಳಗೆ ಅದರ ಕಾಲುಗಳ ಗುರುತು ಮಾತ್ರ ಉಳಿದಿತ್ತು. ಅರ್ಧ ಹೊಲಿದ ಶಾಲಾ ಸಮವಸ್ತ್ರಗಳು ಗಂಟಾಗಿ ಮೂಲೆಯಲ್ಲಿ ಬಿದ್ದಿದ್ದವು. ತಮ್ಮ ಅವಳದೇ ಟೇಪು ಹಿಡಿದು ಗೋಡೆ ಅಳೆಯುತ್ತಿದ್ದ.

"ಮಷೀನ್ ಎಲ್ಲೋ?"

"ಹಿತ್ತಲ ಶೆಡ್ಡಿಗೆ ಹಾಕ್ಸಿದೀನಿ. ಈ ರೂಮು ಬಾಡಿಗೆಗೆ ಕೊಟ್ಟಾಯ್ತು. ಮೊಬೈಲ್ ರಿಪೇರಿಯವನು ನಾಳೆನೇ ಬರ್ತಾನೆ."

"ನನ್ನನ್ನ ಒಂದು ಮಾತು ಕೇಳ್ಬೇಕು ಅನ್ನಿಸ್ಲಿಲ್ವಾ?"

"ಕೇಳಿದ್ರೆ ನೀನು ಹೀಗೇ ಶುರು ಹಚ್ಕೋತಿದ್ದೆ."

"ಶೆಡ್ಡಲ್ಲಿ ಬೆಳಕಿಲ್ಲ, ಕರೆಂಟಿಲ್ಲ. ಅಲ್ಲಿ ಕೂತು ಇಲಿಗಳಿಗೆ ಚಡ್ಡಿ ಹೊಲೀಲಾ?" ಅಕ್ಕನ ದನಿ ಏರಿತು. "ಮಷೀನ್ ವಾಪಸ್ ತಂದಿಡು. ಈಗಲೇ."

ತಮ್ಮ ಅಡುಗೆಮನೆಯ ಕಡೆ ಕತ್ತು ಚಾಚಿ, "ಅಮ್ಮಾ, ಇವಳು ಇವತ್ತು ಮಾತ್ರೆ ತಗೊಂಡ್ಳಾ ನೋಡು," ಎಂದ.

ಅಮ್ಮ ಟಾರ್ಚು ಹಿಡಿದೇ ಬಂದಳು. ಬೈಪೋಲಾರ್ ಕಾಯಿಲೆ ಎಂದು ಡಾಕ್ಟರು ಹೇಳಿದ ಹೊಸತರಲ್ಲಿ ಅಕ್ಕ ಮಾತ್ರೆ ಬಿಟ್ಟಿದ್ದಳು. ಯಾರೂ ಕೇಳದಿದ್ದರೂ ಇಡೀ ಬೀದಿಯ ಮನೆಗಳಿಗೆ ಕರ್ಟನ್ ಹೊಲಿದು ಹಂಚಿದಳು. ಆಮೇಲೆ ತಿಂಗಳುಗಟ್ಟಲೆ ಹಾಸಿಗೆ ಬಿಟ್ಟು ಏಳಲಿಲ್ಲ. ಆ ಉಬ್ಬರ, ಆ ಇಳಿತ ಎರಡೂ ಎಂಥವೆಂದು ಅವಳಿಗಿಂತ ಚೆನ್ನಾಗಿ ಬಲ್ಲವರು ಆ ಮನೆಯಲ್ಲಿರಲಿಲ್ಲ. ಅಲ್ಲಿಂದೀಚೆಗೆ ಮಾತ್ರೆಯಿಂದ ಬೆರಳು ನಡುಗಿದರೂ, ಮೈ ಊದಿದರೂ, ತಿಂಡಿಯಾದ ಕೂಡಲೇ ತಾನೇ ಅದನ್ನು ನುಂಗುತ್ತಿದ್ದಳು. ಆದರೂ ಸಾರಿಗೆ ಉಪ್ಪು ಕಡಿಮೆ ಎಂದರೆ ಬಾಯಿಗೆ ಟಾರ್ಚು, ಜೋರಾಗಿ ನಕ್ಕರೆ ಟಾರ್ಚು. ತಮ್ಮನ ಬಿ.ಪಿ. ಮಾತ್ರೆಗಳು ಫ್ರಿಜ್ಜಿನ ಮೇಲೆ ಧೂಳು ಹಿಡಿಯುತ್ತಿದ್ದವು. "ನನಗೇನಾಗಿದೆ, ಗುಂಡುಕಲ್ಲಿನ ಹಾಗಿದೀನಿ," ಎಂದು ಅವನು ಅವುಗಳನ್ನು ಮುಟ್ಟುವುದನ್ನೇ ಬಿಟ್ಟಿದ್ದ. ಅವನ ಬಾಯಿಗೆ ಯಾರೂ ಬೆಳಕು ಹಿಡಿದಿರಲಿಲ್ಲ.

"ಬಾಯಿ ತೆಗಿಯೇ. ನಾಲಿಗೆ ಎತ್ತು," ಎಂದಳು ಅಮ್ಮ.

ಅಕ್ಕ ಬಾಯಿ ತೆರೆದಳು. ನಾಲಿಗೆ ಎತ್ತಿದಳು. ಅಮ್ಮ ಎರಡೂ ಕೆನ್ನೆಗಳೊಳಗೆ ಇಣುಕಿ, "ನುಂಗಿದಾಳೆ ಕಣೋ," ಎಂದಳು, ಏನೂ ಸಿಗಲಿಲ್ಲವಲ್ಲ ಎಂಬ ಬೇಸರದಲ್ಲಿ.

"ನೋಡಾಯ್ತಲ್ಲ? ಇದು ಮಾತ್ರೆ ನುಂಗಿದ ಮೇಲೆ ಬಂದ ಸಿಟ್ಟು. ಕಾಯಿಲೆದಲ್ಲ, ನಂದು," ಎಂದಳು ಅಕ್ಕ. "ಮಷೀನ್ ತಂದಿಡು."

"ಹಾಗಾದ್ರೆ ಡೋಸ್ ಸಾಲ್ತಿಲ್ಲ. ಡಾಕ್ಟರಿಗೆ ಹೇಳಿ ಜಾಸ್ತಿ ಮಾಡಿಸ್ತೀನಿ, ಬಾಯಿ ಮುಚ್ಕೊಂಡು ಬಿದ್ದಿರ್ತೀಯ." ತಮ್ಮ ಟೇಪನ್ನು ಗೋಡೆಗೆ ಬೀಸಿ ಎಸೆದ. ಸಮವಸ್ತ್ರದ ಗಂಟನ್ನು ಒದ್ದ. ನೀಲಿ ಚಡ್ಡಿಗಳು ನೆಲದ ತುಂಬ ಚೆಲ್ಲಿದವು. ಅವನ ಕತ್ತಿನ ನರ ಉಬ್ಬಿ ನಿಂತಿತ್ತು.

ಅಕ್ಕ ಬಗ್ಗಿ ಒಂದು ಚಡ್ಡಿ ಎತ್ತಿಕೊಂಡು ಧೂಳು ಕೊಡವಿದಳು. ಈ ಸಲ ಅವಳ ದನಿ ಏರಲಿಲ್ಲ.

"ನೀನು ತಗೊಂಡ್ಯಾ, ನಿನ್ನ ಮಾತ್ರೆ?"

"ಏನಂದೆ?" ತಮ್ಮ ಮನೆ ಹಾರಿಹೋಗುವಂತೆ ಕೂಗಿದ.

ಅಮ್ಮನ ಕೈ, ರೂಢಿಯಾಗಿ ಹೋಗಿತ್ತಲ್ಲ, ದನಿ ಬಂದ ಕಡೆಗೆ ತಾನಾಗಿ ತಿರುಗಿತು. ಟಾರ್ಚಿನ ಬೆಳಕು ನೇರ ಅವನ ತೆರೆದ ಬಾಯೊಳಗೆ ಬಿತ್ತು.