ನಾರ್ವೆಯ ಗಿರಾಕಿ

ಮಧ್ಯಾಹ್ನ ಮೂರೂ ಹತ್ತಕ್ಕೆ ಪರದೆಯ ಮೇಲೆ ಆ ಸಾಲು ಮೂಡಿತು: "ಬ್ರೆಜಿಲಿನಲ್ಲೂ ಬೀದಿಯಲ್ಲಿ ಮಾಸಾಮೊರ್ರಾ ಮಾರುತ್ತಾರೆಯೇ?"

ಯಾಮಿಲೆಯ ನಗು ಮುಖದ ಮೇಲೆ ಹಾಗೇ ನಿಂತಿತು. ಕಿಟಕಿಯ ಕೆಳಗೆ ಮಾಸಾಮೊರ್ರಾದವನ ಗಾಡಿ ಧ್ವನಿವರ್ಧಕದಲ್ಲಿ ಕೂಗುತ್ತ ಚರ್ಚಿನ ಕಡೆಗೆ ತಿರುಗುತ್ತಿತ್ತು. ಚಿಕ್ಕಂದಿನಿಂದ ದಿನವೂ ಕೇಳಿದ ಕೂಗು; ಅವಳ ಕಿವಿ ಅದನ್ನು ಸದ್ದೆಂದು ಎಣಿಸುವುದನ್ನೇ ಬಿಟ್ಟಿತ್ತು. ಆ ಮೆಕ್ಕೆಜೋಳದ ಗಂಜಿಯನ್ನು ಹಾಗೆ ಕೂಗಿ ಮಾರುವುದು ಕೊಲಂಬಿಯಾದ ಮೆದೆಯಿನ್ ಸುತ್ತಮುತ್ತಲಿನವರು ಮಾತ್ರ.

ಪರದೆಯ ಮೇಲೆ ಅವಳು ಬ್ರೆಜಿಲಿನ ವಲೇರಿಯಾ. ಕೋಣೆಯಲ್ಲಿ ಕೂತು, ಕ್ಯಾಮೆರಾ ಮುಂದೆ ದೂರದೇಶದ ಗಂಡಸರನ್ನು ರಂಜಿಸುವುದು ಇಪ್ಪತ್ತೊಂಬತ್ತರ ಯಾಮಿಲೆಯ ಕೆಲಸ. ಅವಳಷ್ಟು ಎಚ್ಚರದವರು ಆ ಕಸುಬಿನಲ್ಲಿ ಕಡಿಮೆ. ಭುಜದ ಹಚ್ಚೆಯನ್ನು ಬಣ್ಣ ಬಳಿದು ಮುಚ್ಚುತ್ತಿದ್ದಳು. ಗೋಡೆಗೆ ಒಂದು ಚಿತ್ರವೂ ಇರಲಿಲ್ಲ. ಜಾಲತಾಣದಲ್ಲಿ ಬೇಡವಾದ ದೇಶಗಳನ್ನು ಬ್ಲಾಕ್ ಮಾಡಬಹುದಾಗಿತ್ತು. ಅವಳು ಮೊದಲ ದಿನವೇ ಕೊಲಂಬಿಯಾವನ್ನು ಬ್ಲಾಕ್ ಮಾಡಿದ್ದಳು. ತನ್ನ ದೇಶದಲ್ಲಿ ಕೂತ ಯಾರಿಗೂ ಅವಳು ಕಾಣುವಂತಿರಲಿಲ್ಲ.

ಆದರೂ ಇವನಿಗೆ ಕಂಡಿದ್ದಳು. ಹೆಸರು ಬರ್ಗೆನ್, ದೇಶ ನಾರ್ವೆ, ಹಡಗಿನ ಎಂಜಿನಿಯರ್. ಇದಿಷ್ಟು ಅವನೇ ಹೇಳಿಕೊಂಡದ್ದು. ಇಂಗ್ಲಿಷ್ ಯಂತ್ರದಿಂದ ಹೊರಬಂದಂತೆ ಗಡುಸು. ಹಣ ಕಟ್ಟಿ ಖಾಸಗಿ ಕೋಣೆ ಹಿಡಿಯುತ್ತಿದ್ದ. ಅವನಿದ್ದಷ್ಟು ಹೊತ್ತು ಬೇರೆ ಯಾರಿಗೂ ಪ್ರವೇಶವಿಲ್ಲ. ತನ್ನ ಕ್ಯಾಮೆರಾವನ್ನು ಒಮ್ಮೆಯೂ ತೆರೆದವನಲ್ಲ. ಮಿಕ್ಕ ಗಿರಾಕಿಗಳು ಕೇಳುವುದನ್ನು ಅವನು ಕೇಳುತ್ತಿರಲಿಲ್ಲ. ಒಂದೇ ಒಂದು ಸಲ, ಊಟ ಮಾಡು, ನೋಡುತ್ತೇನೆ ಎಂದಿದ್ದ. ಅವಳು ತಟ್ಟೆ ತುಂಬ ಹುರುಳಿ ಅನ್ನ ತಂದು ಕ್ಯಾಮೆರಾ ಮುಂದೆ ಉಂಡಳು. ಕೊನೆಯ ತುತ್ತಿನವರೆಗೂ ಅವನು ಕಾದ. ಇಂಥ ಹುಚ್ಚಿನವರೂ ಇರುತ್ತಾರೆ ಎಂದುಕೊಂಡು ಸುಮ್ಮನಾಗಿದ್ದಳು.

ಆಮೇಲೆ ಶುರುವಾಯಿತು. "ಹಿಂದಿನ ಕನ್ನಡಿಯಲ್ಲಿ ಚರ್ಚಿನ ಗೋಪುರ ಕಾಣುತ್ತಿದೆ." ಅವಳು ಕನ್ನಡಿ ತೆಗೆದಳು. "ಮಂಚದ ಮೇಲಿನ ಪೆಟ್ಟಿಗೆಗೆ ವಿಳಾಸದ ಚೀಟಿ ಅಂಟಿದೆ. ಎಲ್ಲರಿಗೂ ಓದಲು ಬರುತ್ತದೆ." ಅವಳು ಪೆಟ್ಟಿಗೆಯನ್ನು ಮಂಚದ ಕೆಳಗೆ ತಳ್ಳಿದಳು. ಈಗ ಮಾಸಾಮೊರ್ರಾ. ನಾರ್ವೆಯ ಎಂಜಿನಿಯರನಿಗೆ ಆ ಪದ ಎಲ್ಲಿಂದ ಬರಬೇಕು?

ಕಳೆದ ವರ್ಷ ಇದೇ ಕಸುಬಿನ ಗೆಳತಿಯೊಬ್ಬಳ ಮನೆ ಬಾಗಿಲಿಗೆ ಗಿರಾಕಿಯೊಬ್ಬ ಹೂಗುಚ್ಛ ಹಿಡಿದು ಬಂದಿದ್ದ. ಎರಡನೆಯ ಸಲ ಬಂದಾಗ ಕೈಯಲ್ಲಿ ಹೂವಿರಲಿಲ್ಲ. ಆ ಗೆಳತಿ ಈಗ ಯಾವ ಊರಿನಲ್ಲಿದ್ದಾಳೋ, ಯಾವ ಹೆಸರಿನಲ್ಲಿದ್ದಾಳೋ ಯಾರಿಗೂ ಗೊತ್ತಿಲ್ಲ.

ಯಾಮಿಲೆಯ ಅನುಮಾನ ಕೆಳಗಿನ ಕಾವಲುಗಾರ ದೋನ್ ಎವೆಲಿಯೊ ಮೇಲೆ ಹೋಯಿತು. ಪಾರ್ಸೆಲ್‌ಗಳು ಅವನ ಕೈ ದಾಟಿಯೇ ಮೇಲೆ ಬರುತ್ತಿದ್ದವು. ಇಡೀ ದಿನ ಫೋನಿನಲ್ಲಿ ಮುಖ ಹುದುಗಿಸಿ ಕೂತಿರುತ್ತಿದ್ದ. ದೇಶದ ತಡೆಯನ್ನು ದಾಟಿಸುವ ಆ್ಯಪ್‌ಗಳು ಈಗ ಶಾಲೆಯ ಮಕ್ಕಳ ಹತ್ತಿರವೂ ಇವೆ.

ಶುಕ್ರವಾರ ಅವಳು ಬಲೆ ಹಾಕಿದಳು. ಬರ್ಗೆನ್ ಬಂದ ಕೂಡಲೇ, ಗುಟ್ಟು ಹೇಳುವವಳಂತೆ, ಮುಂದಿನ ತಿಂಗಳು ಕರಾವಳಿಯ ಬಾರಾಂಕಿಯಾಕ್ಕೆ ಮನೆ ಬದಲಾಯಿಸುತ್ತಿದ್ದೇನೆ ಎಂದು ಟೈಪ್ ಮಾಡಿದಳು. ಶುದ್ಧ ಸುಳ್ಳು. ಬೇರೆ ಯಾರ ಕಿವಿಗೂ ಅದನ್ನು ಹಾಕಿರಲಿಲ್ಲ. ಇನ್ನು ಬಾರಾಂಕಿಯಾದ ಹೆಸರು ಯಾರ ಬಾಯಲ್ಲಿ ಬರುತ್ತದೋ ಅವನೇ ಕಳ್ಳ. ಬರ್ಗೆನ್ ಅಷ್ಟಕ್ಕೇ ಹೊರಟುಹೋದ.

ಭಾನುವಾರ ಬಿಸಿ ರೊಟ್ಟಿಯ ಪೊಟ್ಟಣ ಹಿಡಿದು ಕೆಳಗಿಳಿದಳು. ಎವೆಲಿಯೊ ಒಂದು ರೊಟ್ಟಿ ಮುರಿದು ಬಾಯಿಗಿಟ್ಟು ಅವಳನ್ನು ಮೇಲಿಂದ ಕೆಳಗೆ ನೋಡಿದ.

"ಏನ್ ಮಗಳೇ, ಇವತ್ತು ಕಾವಲುಗಾರನ ನೆನಪಾಯ್ತಾ? ಮನೆ ಗಿನೆ ಖಾಲಿ ಮಾಡ್ತಿದೀಯಾ ಹೆಂಗೆ?"

ಅವಳು ಪೊಟ್ಟಣವನ್ನು ಅವನ ಮೇಜಿನ ಮೇಲಿಟ್ಟಳು. ಯಾಕೆ ಹಾಗೆ ಕೇಳಿದಿರಿ ಎಂದಳು.

"ರೊಟ್ಟಿ ತಂದ್ಕೊಡೋರೆಲ್ಲ ಮಾರನೇ ದಿನ ಸೋಫಾ ಇಳಿಸೋಕೆ ಕರೀತಾರೆ. ನನ್ನ ಸೊಂಟಕ್ಕೆ ಗೊತ್ತು."

ಇನ್ನೂ ಸ್ವಲ್ಪ ಹೊತ್ತು ಕೆದಕಿದಳು. ಅವನು ಲಿಫ್ಟನ್ನು ಬೈದ, ಫುಟ್‌ಬಾಲ್ ತೀರ್ಪುಗಾರನನ್ನು ಬೈದ, ಫೋನಿನಲ್ಲಿ ಮೊಮ್ಮಗಳ ಫೋಟೊ ತೋರಿಸಿದ. ಬಾರಾಂಕಿಯಾ ಮಾತ್ರ ಅವನ ಬಾಯಿಂದ ಬರಲಿಲ್ಲ. ಯಾಮಿಲೆ ಮೇಲೆ ಬಂದು ಬಾಗಿಲಿಗೆ ಎರಡೂ ಚಿಲಕ ಹಾಕಿದಳು. ಇವನಲ್ಲದಿದ್ದರೆ ಹೊರಗೆಲ್ಲೋ, ಮುಖವೇ ಇಲ್ಲದ ಇನ್ನೊಬ್ಬನಿದ್ದಾನೆ.

ಎರಡು ಗಂಟೆಗೆ ಅಮ್ಮನ ವಿಡಿಯೊ ಕರೆ ಬಂತು. ದೋನ್ಯಾ ಓಫೆಲಿಯಾ ಆರು ವರ್ಷದಿಂದ ಸ್ಪೇನಿನ ವಲೆನ್ಸಿಯಾದಲ್ಲಿ ಒಬ್ಬ ಮುದುಕನನ್ನು ನೋಡಿಕೊಳ್ಳುತ್ತಿರುವುದಾಗಿ ಹೇಳುತ್ತಿದ್ದಳು. ಭಾನುವಾರ ತಪ್ಪದೆ ಕರೆ ಮಾಡುವಳು. ಯಾವಾಗಲೂ ಅದೇ ಬೋಳು ಗೋಡೆಯ ಮುಂದೆ, ಎಳೆದ ಪರದೆಯ ಪಕ್ಕದಲ್ಲಿ, ಮುದುಕ ಮಲಗಿದ್ದಾನೆ ಎಂದು ದನಿ ತಗ್ಗಿಸಿ. ಆನ್‌ಲೈನಿನಲ್ಲಿ ಇಂಗ್ಲಿಷ್ ಪಾಠ ಹೇಳುತ್ತೇನೆ ಎಂದು ಮಗಳು ಅವಳಿಗೆ ಹೇಳಿದ್ದಳು. ನಿಜ ತಿಳಿದರೆ ಅಮ್ಮ ಉಳಿಯಲಾರಳು ಎಂಬುದು ಯಾಮಿಲೆಯ ಲೆಕ್ಕ. ಅವಳ ಎಚ್ಚರದಲ್ಲಿ ಅರ್ಧ ಅದಕ್ಕಾಗಿಯೇ.

ಪಾಠ ಹೇಗೆ ನಡೀತಿದೆ ಎಂದು ಅಮ್ಮ ಕೇಳಿದಳು. ಚೆನ್ನಾಗಿ ನಡೀತಿದೆ ಎಂದಳು ಮಗಳು. ಮುದುಕ ಹೇಗಿದ್ದಾನೆ ಎಂದು ಮಗಳು ಕೇಳಿದಳು. ಹಾಗೇ ಇದ್ದಾನೆ ಎಂದಳು ಅಮ್ಮ.  ಅಮ್ಮ ಸೆರಗಿನಂತೆ ಹೊದ್ದಿದ್ದ ಶಾಲನ್ನು ಸರಿಮಾಡಿಕೊಂಡಳು.

"ಬಾರಾಂಕಿಯಾ ಸೆಕೆ ತಡೀತೀಯೇನೇ ನೀನು? ಚಿಕ್ಕವಳಿದ್ದಾಗ ಮೈಯೆಲ್ಲ ಬೆವರುಸಾಲೆ ಏಳ್ತಿತ್ತು."

ಯಾಮಿಲೆ ಫೋನನ್ನು ಮುಖದ ಹತ್ತಿರಕ್ಕೆ ತಂದಳು. ಅಮ್ಮ ಕಣ್ಣು ತಗ್ಗಿಸಲಿಲ್ಲ.

"ನಾನೂ ಇದೇ ಕೆಲಸಕ್ಕೆ ಸೇರಿದ ದಿನಾನೇ, ಕ್ಯಾಮೆರಾ ಮುಂದೆ ಕೂರೋಕೆ ಮುಂಚೆ ಕೊಲಂಬಿಯಾನ ಬ್ಲಾಕ್ ಮಾಡ್ದೆ ಕಣೇ. ನೀನು ಸ್ಪೇನನ್ನ ಬ್ಲಾಕ್ ಮಾಡ್ದೆ ಯಾಕೆ ಬಿಟ್ಟಿದ್ದೆ?"

ಆ ಸಂಜೆ ಯಾಮಿಲೆ ಸ್ಪೇನನ್ನೂ ಬ್ಲಾಕ್ ಮಾಡಿದಳು.