ಹಳದಿ ಲೇಬಲ್ಲಿನ ಪ್ಲೇಟು

ಇದು ಕಟ್ಟುಕತೆಯಲ್ಲ, ಬೇಕಾದರೆ ವಾಮನನನ್ನೇ ಕೇಳಿ. ಕಂಟೋನ್ಮೆಂಟಿನ ಲಿಗೋರಿ ಅಂಕಲ್ ಹುಡುಕುತ್ತಿದ್ದದ್ದು ಹಳದಿ ಲೇಬಲ್ಲಿನ ಒಂದು ಗ್ರಾಮಫೋನ್ ಪ್ಲೇಟು. ಡ್ಯಾನ್ಸ್ ಬ್ಯಾಂಡಿನಲ್ಲಿ ಟ್ರಂಪೆಟ್ ಊದುತ್ತಿದ್ದ ಅವರಪ್ಪ ಅದರ ಕೊನೆಯಲ್ಲಿ ಮೂರು ಸಲ ಕೆಮ್ಮಿದ್ದರಂತೆ. ತಾನು ಹುಟ್ಟುವ ಮೊದಲೇ ತೀರಿಕೊಂಡ ಅಪ್ಪನ ದನಿಯನ್ನು ಅಂಕಲ್ ಕೇಳಿದ್ದೇ ಇಲ್ಲ.

"ಮೂವತ್ತು ವರ್ಷ ಗುಜರಿ ಅಂಗಡಿ ಸುತ್ತಿದ್ದಾಯ್ತು ಮಗಾ. ಇನ್ನು ಕಾಲು ಬರಲ್ಲ," ಎಂದರು ಪಕ್ಕದ ಮನೆಯ ಹುಡುಗ ವಾಮನನಿಗೆ.

ವಾಮನ ಸುಮ್ಮನಿರುವ ಪೈಕಿಯಲ್ಲ. ಅಂಕಲ್ ಕಪಾಟಿನಲ್ಲೇ, ಅಗ್ಗದ ಸರಕೆಂದು ಅವರು ಎಂದೂ ಹಾಕಿ ಕೇಳದ ಕೆಂಪು ಲೇಬಲ್ಲಿನ ಪ್ಲೇಟೊಂದಿತ್ತು. ಅದನ್ನು ಎಗರಿಸಿ, ಹಳದಿ ಲೇಬಲ್ ಅಚ್ಚು ಹಾಕಿಸಿ, ಮೇಲೆ ಅಂಟಿಸಿ ತಂದುಕೊಟ್ಟ.

ಅಂಕಲ್ ಪ್ಲೇಟಿನ ಮೇಲೆ ಮುಳ್ಳು ಇಟ್ಟರು. ಟ್ರಂಪೆಟ್ ಏರುತ್ತಿದ್ದಂತೆ ಕಣ್ಣೊರೆಸಿಕೊಂಡರು. ವಾಮನ ನಗು ತಡೆಯಲಾರದೆ ಅವರದೇ ದನಿಯಲ್ಲಿ ಅಣಕಿಸಿದ: "'ಕೆಂಪು ಲೇಬಲ್ ಅಂದ್ರೆ ಕಸ ಮಗಾ!' ಅಂಕಲ್, ಇದು ನಿಮ್ಮ ಕಪಾಟಿನ ಕಸಾನೇ. ಹಳದಿ ಚೀಟಿ ನಂದು."

ಅಂಕಲ್ ಮುಖ ಬಾಡಿತು. ಪೆಚ್ಚಾದ ವಾಮನ ಮುಳ್ಳೆತ್ತಲು ಕೈಚಾಚಿದ.

"ಇರು."

ಹಾಡು ಮುಗಿಯಿತು. ಯಾರೋ ಮೂರು ಸಲ ಕೆಮ್ಮಿದರು.

ಅಂಕಲ್ ಸೂರು ಹಾರಿಹೋಗುವಂತೆ ನಕ್ಕರು. "ನಿನಗಿಂತ ಮೊದಲೇ ಕಂಪನಿಯವನು ಅಪ್ಪನ ಪ್ಲೇಟಿನ ಹಳದಿ ಲೇಬಲ್ ಬದಲಾಯಿಸಿ ಕೆಂಪು ಅಂಟಿಸಿದ್ದಾನೆ ಕಣೋ!"