ಹೊಳಬಸಪ್ಪನ ನೊಗ

ಹೊಳಬಸಪ್ಪನ ಗಾಡಿಯ ನೊಗದ ಮುಂದೆ ಕುಕ್ಕರಗಾಲಲ್ಲಿ ಕೂತವನು ಕಾಮಣ್ಣನೇ, ಅನುಮಾನವಿರಲಿಲ್ಲ. ಕೈಯಲ್ಲಿ ನಟ್ಟು ಬಿಚ್ಚುವ ಪಾನಾ. ಗಾಡಿಯವರೆಲ್ಲ ಎತ್ತುಗಳಿಗೆ ನೀರು ಕುಡಿಸಲು ಹೋಗಿದ್ದರು. ಆ ದಿನದ ಓಟದಲ್ಲಿ ಎದುರು ಗಾಡಿ ಹೊಡೆಯಲಿದ್ದ ಧರ್ಮರಾಜ ಟ್ರ್ಯಾಕ್ಟರಿನ ಮರೆಯಲ್ಲಿ ನಿಂತು ನೋಡುತ್ತಿದ್ದ.

ಜಮಖಂಡಿಯಿಂದ ಬೀಳಗಿಯವರೆಗೆ ಎತ್ತಿನೋಟದ ಶರ್ಯತ್ತಿನ ಗಾಡಿಯೆಂದರೆ ಸಾವಳಗಿಯ ಕಾಮಣ್ಣನದೇ. ಕುರಿ ಕಾಯುವ ಮನೆತನದವನು. ಆಲಮಟ್ಟಿಯ ಹಿನ್ನೀರು ಏರುವ ಮೊದಲು ಜನ ಮನೆ ಬಿಚ್ಚುತ್ತಿದ್ದಾಗ ಹಳೆಯ ಸಾಗವಾನಿ ತೊಲೆ ತಂದು, ಬೈಕಿನ ಬೇರಿಂಗ್ ಕೂಡಿಸಿ, ಒಬ್ಬನೇ ಎತ್ತಿ ನಿಲ್ಲಿಸುವಷ್ಟು ಹಗುರ ಗಾಡಿ ಕಟ್ಟಿದ. ಆಮೇಲೆ ಅವನ ಗಾಡಿ ಸೋತದ್ದು ಅಪರೂಪ. ಎತ್ತುಗಳ ನಡೆ ನೋಡದೆ ಅವನು ಕಟ್ಟಿಗೆಗೆ ಕೈ ಹಚ್ಚುತ್ತಿರಲಿಲ್ಲ. ಧರ್ಮರಾಜನ ಎಡದೆತ್ತು ಬಲು ಬಿರುಸು, ಬಲದ್ದು ಇನ್ನೂ ಎಳೆಯದು. ಅಂಥ ಜೋಡಿಗೂ ಗೆಲ್ಲುವ ಗಾಡಿ ಕಟ್ಟಿಕೊಟ್ಟಿದ್ದ.

ಅದನ್ನೇ ಹೊಳಬಸಪ್ಪ ತೇರದಾಳದ ಶರ್ಯತ್ತಿನಲ್ಲಿ ನೂಲು ಹಿಡಿದು ಗೇಣುಗೇಣು ಅಳೆದುಕೊಂಡು ಹೋಗಿ, ತದ್ರೂಪು ಕಟ್ಟಿಸಿದ್ದ. ಅದು ಗಾಲಿ ಕಂಡದ್ದೇ ನಿನ್ನೆ ಸಂಜೆ, ಜೋರಾಗಿ ಓಡಿಸಿ ನೋಡಿರಲೇ ಇಲ್ಲ. ಬೆಳಿಗ್ಗೆ ಕಾಮಣ್ಣ ಆ ಗಾಡಿಯನ್ನು ಸುತ್ತಿ ನೋಡಿ ಏನೋ ಹೇಳಲು ಬಾಯಿ ತೆರೆದಿದ್ದ.

"ನಿನ್ನ ಶಾಣ್ಯಾತನ ಕುರಿಗೆ ಹೇಳು ಹೋಗಲೇ ಕಾಮ್ಯಾ," ಎಂದು ಹೊಳಬಸಪ್ಪ ಮಂದಿಯೆದುರು ನಕ್ಕಿದ್ದ. "ಇದು ನನ್ನ ತಲ್ಯಾಗ ಹುಟ್ಟಿದ ಗಾಡಿ. ಸೋಲೋ ಅಂಜಿಕಿ ಬಂತೇನು?"

ಸೋಲುವಂತಿರಲಿಲ್ಲ ಧರ್ಮರಾಜ. ಈ ಸಲ ಸೋತರೆ ಎತ್ತು ಮಾರಿ ಟ್ರ್ಯಾಕ್ಟರ್ ತರುವುದೇ ಸೈ ಎಂದು ಅಣ್ಣ ಆಣೆ ಇಟ್ಟಿದ್ದ.

ಕಾಮಣ್ಣ ಕೈ ಒರೆಸಿಕೊಳ್ಳುತ್ತ ಬಂದ.

"ಎಲ್ಲಿ ಹೋಗಿದ್ರಿ ಕಾಕಾ?"

"ಒಂದೀಟು ಕೆಲಸ ಇತ್ತು. ಹೊಳಬಸಪ್ಪನ ಗಾಡಿ ಅವ ಕಟ್ಟಿಸಿದ ಹಂಗ ಓಡೂದಿಲ್ಲ ಬಿಡು ಇವತ್ತ."

ಧರ್ಮರಾಜ ತನ್ನ ಎತ್ತುಗಳನ್ನು ಹೂಡತೊಡಗಿದ.

ಆ ಗಾಡಿ ಹೊಡೆಯುವವನು ಹೊಳಬಸಪ್ಪನ ಮಗ ಸಂಜು. ಮದುವೆಯಾಗಿ ತಿಂಗಳಾಗಿರಲಿಲ್ಲ. ಓಟದ ದಾರಿ ಕಾಲುವೆಯ ದಂಡೆಗುಂಟ. ಎಡಕ್ಕೆ ದಂಡೆ ಮುಟ್ಟಿ ಹರಿಯುವ ನೀರು. ಎತ್ತು ಮೈದುಂಬಿ ಓಡುವಾಗ ನೊಗ ಕಳಚಿದರೆ?

"ಧರ್ಮಣ್ಣಾ, ನನ್ನ ಹಿಂದ ಧೂಳ ಕುಡಕೋತ ಬಾ!" ಸಂಜು ಗಾಡಿ ಏರಿ ಕೂಗಿದ.

ಧರ್ಮರಾಜನ ನಾಲಿಗೆಯ ತುದಿಗೆ ಮಾತು ಬಂತು. ಎಳೆಯ ಎತ್ತು ಅವನ ಮೊಣಕೈ ನೆಕ್ಕುತ್ತಿತ್ತು. ಅವನು ತಲೆಗೆ ಟವೆಲ್ ಬಿಗಿದುಕೊಂಡು ಗಾಡಿ ಹತ್ತಿದ.

ನಿಶಾನೆ ಬಿತ್ತು. ಎರಡೂ ಜೋಡಿ ಒಂದೇ ಸಮ. ಧರ್ಮರಾಜನ ಕಣ್ಣು ದಾರಿಯ ಮೇಲಿರಲಿಲ್ಲ, ಸಂಜುವಿನ ನೊಗದ ಮೇಲಿತ್ತು. ತಗ್ಗು ಬಂದಾಗಲೆಲ್ಲ ಈಗ ಕಳಚಿತು, ಈಗ ಕಳಚಿತು ಎಂದು ಹಲ್ಲು ಕಚ್ಚಿದ. ಕಳಚಲಿಲ್ಲ. ಗೆರೆ ಕೊರೆದಂತೆ ನೆಟ್ಟಗೆ ಓಡಿ, ಒಂದು ಗಾಡಿಯಷ್ಟು ಮುಂದಾಗಿ ಸಂಜು ಗೆದ್ದ.

ಭಂಡಾರದ ಅರಿಶಿನ ತೂರಿ ಹೊಳಬಸಪ್ಪ ಕುಣಿಯತೊಡಗಿದ. ಧರ್ಮರಾಜ ನೆಗೆದು ಬಂದು ಕಾಮಣ್ಣನ ಅಂಗಿ ಹಿಡಿದ.

"ನಟ್ಟು ಬಿಚ್ಚಿದ್ದಿ ಅಲ್ಲ! ಅವ ಹೆಂಗ ಗೆದ್ದ?"

"ಬಿಚ್ಚಿ ಸರಿಸಿ ಮತ್ತ ಬಿಗದ್ನೋ ಹುಚ್ಚಾ! ನಿನ್ನ ಎತ್ತು ಒಂದು ಜೋರು, ಒಂದು ಮೆತ್ತಗ. ಅದಕ್ಕ ನಿನ್ನ ನೊಗ ಮೆತ್ತನ ಎತ್ತಿನ ಕಡೆ ಎರಡ ಬೆರಳ ಸರಿಸಿ ಕಟ್ಟೇನಿ. ಅಂವ ಅದನ್ನೂ ಅಳಕೊಂಡ ಹೋಗ್ಯಾನ. ಅವನ ಎತ್ತು ಎರಡೂ ಸಮ. ಹಂಗ ಹೂಡಿದ್ರ ಗಾಡಿ ಎಡಕ್ಕ ಎಳದು ಸೀದಾ ಕಾಲುವ್ಯಾಗ ಬೀಳ್ತಿತ್ತು. ಹೇಳಾಕ ಹೋದ್ನಿ, ಕೇಳಲಿಲ್ಲ. ಅದಕ್ಕ ನಾನ ನಟ್ಟನಡುವ ಕೂಡಿಸಿದ್ನಿ. ನನ್ನ ಗಾಡಿ ಸೋಲಲಿ, ಹುಡುಗ ಉಳೀಲಿ ಅಂತ."

ಹೇಳುತ್ತಿದ್ದವನು ತಟ್ಟನೆ ನಿಂತ. ಅಂಗಿಯ ಮೇಲಿದ್ದ ಕೈಯನ್ನು ಮೆಲ್ಲಗೆ ಬಿಡಿಸಿ, ಧರ್ಮರಾಜನ ಮುಖವನ್ನೇ ದಿಟ್ಟಿಸಿದ.

"ತಡಿ. ನಾ ಬಿಚ್ಚೂದು ನೀ ನೋಡಿದ್ದಿ... ಅವ ಸಾಯ್ತಾನಂತ ತಿಳದೂ ಸುಮ್ಮನ ಗಾಡಿ ಹತ್ತಿದಿ?"